ಬಾಯಿಲ್ಲದ ಬುಟ್ಟಿ

ಶನಿವಾರ ಮುಂಜಾನಿ ಸಾಲಿ ಬಿಟ್ಟ ಮ್ಯಾಲ
ಹಲಗತ್ತಿ ಅಕ್ಕೋರು ಬಂದ್ರು, ಬಾಗಲಕೋಟಿ ನವನಗರದ ನಮ್ಮ ಶೆಡ್ಡಿಗೆ.
ಹೆಲ್ಮೆಟ್ ತಗೀಲಿಕ್ಕೂ ಪುರುಸೊತ್ತಿಲ್ಲ:
"ಕಾಶವ್ವಾ, ನನಗೊಂದು ಚೆಂಡು ಹೆಣದು ಕೊಡು.
ಬುಡ ಇರಬಾರದು, ಅಂಚು ಇರಬಾರದು,
ಬಾಯಿ ಇರಬಾರದು."

ಬಾಯಿಲ್ಲದ ಬುಟ್ಟಿ!
ಏನು ಹಾಕ್ತೀರಿ ಅದರಾಗ, ಎಲ್ಲಿಂದ ಹಾಕ್ತೀರಿ?
ನಕ್ಕೆ. ಅವರು ನಗಲಿಲ್ಲ.
ಸಾಲ್ಯಾಗ ಗಣಿತದ ಪ್ರದರ್ಶನ ಐತಂತ,
ಹುಡುಗರು ರಟ್ಟು ಕತ್ತರಿಸಿ ಅಂಟು ಹಚ್ಚಿದ್ದೆಲ್ಲ
ತಂಪು ಹೊಡೆದ ಹಪ್ಪಳ ಆಗೇತಂತ.

ಆರು ಮೂಲಿ ಕಣ್ಣಿನ ಹೆಣಿಗಿ ನನಗ ಹೊಸಾದಲ್ಲ.
ಮೂರು ದಿಕ್ಕಿನಿಂದ ಎಳಿ ಬರತಾವ,
ಒಂದರ ಮ್ಯಾಲ ಹಾದು ಒಂದರ ಕೆಳಗ ನುಸುಳಿ
ನಡುವ ಜಾಗಾ ಬಿಟ್ಟು ಹೋಗತಾವ, ಜೇನುಗೂಡಿನಂಗ.
ಆದ್ರ ಆರರ ಮಗ್ಗಲ ಆರು, ಅದರ ಮಗ್ಗಲ ಆರು
ಹಾಕಿಕೋತ ಹೋದ್ರ ಚಾಪಿ ಆಕ್ಕೈತಿ.
ನೆಲಾ ಹಿಡಿದು ಮಲಗಿತು. ಏಳಲಿಕ್ಕೆ ಒಲ್ಲದು.

ಅತ್ತಿ ಹುಲಿಗೆವ್ವ ಇದ್ದಾಗ ಬೈತಿದ್ಲು,
ಬಾಯಾಗಿನ ಎಲಿ ಅಡಿಕಿ ಒಂದು ದವಡಿಗೆ ಸರಿಸಿ:
"ಬಗ್ಗಬೇಕಂದ್ರ ಒಂದು ಎಳಿ ಕಳೀಬೇಕ ಹುಚ್ಚಿ,
ಎಲ್ಲಾ ಇಟಗೊಂಡು ಯಾರು ಬಗ್ಗ್ಯಾರ?"
ಕಳದೆ. ಐದು ಮೂಲಿ ಕಣ್ಣು ಬಿತ್ತು.
ಅಲ್ಲೇ ಬಿದಿರು ಎದ್ದು ಕೂತು,
ಯಾರೋ ಹೆಸರು ಹಿಡಿದು ಕರದಂಗ.

ಮೊದಲನೇದು ಕುಂಬಳಕಾಯಿ ಆತು.
ಎರಡನೇದರಾಗ ಕೈ ತಪ್ಪಿ ಏಳು ಬಿತ್ತು,
ಹುಂಜದ ಜುಟ್ಟಿನಂಗ ನೆರಿಗಿ ನೆರಿಗಿ.
ಬಿಚ್ಚಲಿಲ್ಲ ನಾನು, ಹಟ.
ಆ ಏಳಿನ ಕೈಗಡ ತೀರಿಸಲಿಕ್ಕೆ
ಮತ್ತೊಂದು ಕಡೆ ಮತ್ತೊಂದು ಐದು ತೆತ್ತೆ.

ಮೂರನೇದು ಚೆಂಡು.

ಅಕ್ಕೋರು ಐದರ ಕಣ್ಣಿಗೆಲ್ಲ ಕೆಂಪು ದಾರ ಕಟ್ಟಿ ಎಣಿಸಿದ್ರು: ಹನ್ನೆರಡು.
ಇನ್ನೂ ದೊಡ್ಡದು ಮಾಡು ಅಂದ್ರು. ಕೊಡದಷ್ಟು ಮಾಡಿದೆ.
ಆರು ಎಣಿಸಿ ಮುಗೀಲಿಲ್ಲ; ಐದು, ಹನ್ನೆರಡು.
ನಿಂಬಿಹಣ್ಣಿನಷ್ಟು ಮಾಡಿದೆ, ಉಗುರು ಸಿಗದಂಗ ಸಣ್ಣ ಎಳಿ ಸೀಳಿ.
ಆರು ಒಂದೂ ಇಲ್ಲ ಅದರಾಗ.
ಐದು? ನೀವೇ ಹೇಳ್ರಿ.

ಯಾಕ ಅಂತ ಕೇಳಿದೆ.
ಶೆಡ್ಡಿನ ನೆಲದ ಮ್ಯಾಲ ಸೀಮೆಸುಣ್ಣದಿಂದ
ಮೂಲಿ ಇಷ್ಟು, ಅಂಚು ಇಷ್ಟು, ಮುಖ ಇಷ್ಟು ಅಂತ
ಕೂಡಿಸಿ ಕಳದು ತೋರಿಸಿದ್ರು ಪಾಪ, ಬೆವತು.
ಹೂಂ, ಹೂಂ ಅಂದೆ.
ನೆನಿ ಹಾಕಿದ ಬಿದಿರಿನ ನೀರು ಹರಕೋತ ಬಂದು
ಮೊದಲನೇ ಸಾಲು ಅಳಸಲಿಕ್ಕೆ ಹತ್ತಿತ್ತು.

"ಎಷ್ಟು ಕೊಡಲಿ?"
ಕೋಳಿ ಮುಚ್ಚುವ ಬುಟ್ಟಿಗೆ ಇನ್ನೂರು.
ಏನೂ ಹಿಡಿಯದ ವಸ್ತುವಿನ ದರ ನನಗೇನು ಗೊತ್ತು?
ಇನ್ನೂರೈವತ್ತು ಅಂದೆ.
ಬಾಯಿ ಮುಚ್ಚಿದ ಕೂಲಿ ಐವತ್ತು.

ಕಡೀ ಎಳಿ ಸಿಗಿಸೋಕಿಂತ ಮೊದಲು
ಒಳಗ ಒಂದು ಗಜ್ಜುಗ ಬಿಟ್ಟಿದ್ದೆ, ಹೇಳಿರಲಿಲ್ಲ.
ಅವರು ಸ್ಕೂಟಿ ಮ್ಯಾಲ ಹೊಂಟಾಗ
ಪ್ರತಿ ಹಂಪ್‌ಗೂ ಕಟಕಟ ಅಂತ ಸಪ್ಪಳ,
ತಿರುಗಿ ತಿರುಗಿ ನೋಡಿದ್ರು
ಗಾಡಿಗೆ ಏನಾತು ಅಂತ.

ರಾತ್ರಿ ಕರೆಂಟ್ ಹೋತು.
ಸಂತಿಗೆ ಒಯ್ಯೋ ಕೋಳಿಬುಟ್ಟಿ ಬೋರಲು ಇದ್ದವು.
ಸುಮ್ಮನ ಕೂತಾಕಿ ಬುಡದ ಮ್ಯಾಲ ಬೆರಳಾಡಿಸಿ
ಐದರ ಕಣ್ಣು ಎಣಿಸಿದೆ. ಆರು.
ಮಗ್ಗಲಿನ ಬುಟ್ಟಿ, ಆರು.
ಹಿನ್ನೀರು ಬಂದಾಗ ಹಳೇ ಊರಿನಿಂದ ಹೊತ್ತು ತಂದದ್ದೊಂದು
ಅಟ್ಟದ ಮ್ಯಾಲ ಐತಿ, ಅತ್ತಿ ಕೈಯಾಂದು, ಹೊಗಿ ಹಿಡದು ಕರ್ರಗ.
ಇಳಿಸಿದೆ. ಅದಕ್ಕೂ ಆರು.

ನಲವತ್ತು ವರ್ಷ ಎಷ್ಟು ಬುಟ್ಟಿ ಮಾರಿದ್ವಿ,
ಯಾರಿಗೂ ಒಂದು ಹೆಚ್ಚು ಕೊಟ್ಟಿಲ್ಲ, ಕಡಿಮಿ ಕೊಟ್ಟಿಲ್ಲ,
ಎಣಿಸಿಯೂ ಇಲ್ಲ.

ಹಂಗಾದ್ರ ಉಳದ ಆರು ಎಲ್ಲಿ ಹೋದ್ವು?
ಕತ್ತಲದಾಗ ಬುಟ್ಟಿ ತಿರುವಿ ಹಾಕಿದೆ.

ಬಾಯಿ.

ಕೈ ಇಳಿಬಿಟ್ಟು ನೋಡಿದೆ,
ಮೊಣಕೈತನಕ.